ಗೆರಟೆ, ಹಳೆ ಸೀರೆ, ಒಂದು ಚೀಲ ಬಟ್ಟೆ

ಬರಹ ಸ್ವಲ್ಪ ಉದ್ದ ಆಯ್ತು. ಪುರುಸೊತ್ತು ಇದ್ದಾಗ ಓದಿ.

ಹೋದ ವಾರ ಕಚೇರಿ ಬಿಡುವ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಬಟ್ಟೆಯಂಗಡಿಯ ಒಂದು ದೊಡ್ಡ ಚೀಲ ತಂದು ನನ್ನ ಮೇಜಿನ ಕಾಲಿಗೆ ಒರಗಿಸಿಟ್ಟರು. "ಮಕ್ಕಳ ಬಟ್ಟೆ, ಎರಡು ಕೊಡೆ, ಒಂದು ಸ್ಕೂಲ್ ಬ್ಯಾಗ್ ಇದೆ. ನಿಮ್ಮ ಕಾಲನಿಯಲ್ಲಿ ಯಾರಿಗಾದ್ರೂ ಆಗ್ತದೆ, ಕೊಟ್ಬಿಡಿ" ಅಂದರು. ಬಗ್ಗಿ ನೋಡಿದೆ. ಮೇಲೆಯೇ ಇದ್ದ ಅಂಗಿಗೆ ಒಂದು ಗುಂಡಿಯೂ ಇರಲಿಲ್ಲ. ಒಂದೇ ಕಾಲಿನ ಸಾಕ್ಸ್ ಇತ್ತು. ಬ್ಯಾಗಿನ ಜಿಪ್ ಕಿತ್ತು ಹೋಗಿತ್ತು. ಕೊಡೆ ಮಾತ್ರ ಎರಡೂ ಚೆನ್ನಾಗಿದ್ದವು, ಸುಳ್ಳು ಹೇಳಬಾರದು.

ಅವರು ಕೆಟ್ಟವರಲ್ಲ. ನನ್ನ ಬೈಕ್ ಕೆಟ್ಟ ದಿನ ಬ್ರಹ್ಮಾವರದ ತನಕ ನನ್ನನ್ನು ಬಿಟ್ಟು ಬಂದವರು. ಆದರೆ ನಮ್ಮ ಕಚೇರಿಯಲ್ಲಿ ಹನ್ನೊಂದು ಜನ ಇದ್ದೇವೆ. ನನಗಿಂತ ಕಡಿಮೆ ಸಂಬಳದವರು ನಾಲ್ಕು ಜನ. ಅವರ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಚೀಲ ಅವರ ಮೇಜಿಗೆ ಹೋಗಲಿಲ್ಲ, ನೇರ ನನ್ನ ಮೇಜಿಗೇ ಬಂತು.

"ಬೇಡ ಸರ್" ಅಂದೆ.

"ಛೆ, ನಾನು ಒಳ್ಳೇ ಮನಸ್ಸಿಂದ ಹೇಳಿದ್ದು ಮಾರಾಯ್ರೆ."

"ಗೊತ್ತು ಸರ್. ಆದ್ರೂ ಬೇಡ."

ಮನೆಗೆ ಬಂದು ದೊಡ್ಡ ಕೆಲಸ ಮಾಡಿದವನ ಹಾಗೆ ಹೇಳಿಕೊಂಡೆ. ಎರಡು ಮನೆ ಆಚೆ ಇರುವ ನನ್ನ ಅಕ್ಕ ಗೇರುಬೀಜ ಕಾರ್ಖಾನೆಯಿಂದ ಬಂದವಳು ಅಲ್ಲೇ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನಿಂಗೆ ತಿಂಗ್ಳ್ ತಿಂಗ್ಳ್ ಸಂಬ್ಳ ಬತ್ತ್, ನೀನ್ ಮಾನ ಮರ್ಯಾದಿ ಮಾತಾಡ್ತೆ. ಆ ಎರಡ್ ಕೊಡೆ ನನ್ ಮೊಮ್ಮಕ್ಳಿಗೆ ಆತಿತ್ತಲ್ಲ. ಮಳಿಗಾಲ ಬಂತ್. ಒಂದ್ ಕೊಡೆಗೆ ಎಷ್ಟ್ ದುಡ್ಡ್ ಗೊತ್ತಿತ್ತಾ ನಿಂಗೆ?"

ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಿದ್ರೆಯೂ ಸರಿ ಬರಲಿಲ್ಲ. ಆಗ ತಲೆಯಲ್ಲಿ ಓಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಳೆ ವಸ್ತು ಅಂದರೆ ನನಗೆ ಅಸಹ್ಯ ಅಂತ ಯಾರೂ ತಿಳಿಯಬೇಡಿ. ನಾನು ಬೆಳೆದದ್ದೇ ಹಳೆ ವಸ್ತುಗಳ ನಡುವೆ. ಈಗ ಮರುಬಳಕೆ, ಝೀರೋ ವೇಸ್ಟ್ ಅಂತ ರೀಲ್ಸ್ ಬರ್ತವಲ್ಲ, ಅದನ್ನೆಲ್ಲ ನಮ್ಮ ಅಬ್ಬಿ ಕ್ಯಾಮರಾ ಇಲ್ಲದೆ ಮಾಡಿದವಳು. ಖಾಲಿಯಾದ ಔಷಧಿ ಶೀಶೆಯ ಮುಚ್ಚಳಕ್ಕೆ ತೂತು ಕೊರೆದು ಹಳೆ ಪಂಚೆಯ ಬತ್ತಿ ತೂರಿಸಿದರೆ ಅದು ಚಿಮಿಣಿ ದೀಪ. ಎಸ್ಸೆಸ್ಸೆಲ್ಸಿ ತನಕ ನಾನು ಓದಿದ್ದು ಆ ದೀಪದಲ್ಲೇ. ಮಂಗಳಾ ಯೂರಿಯಾದ ಖಾಲಿ ಚೀಲವನ್ನು ಎರಡು ಮೂರು ಸಲ ಒಗೆದು, ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿದರೆ ತಲೆಗೆ ಹಾಕುವ ಕೊಪ್ಪೆ. ಗೊರಬು ಕೊಳ್ಳುವ ಕಾಸು ಇಲ್ಲದ ವರ್ಷ ನಾಟಿಗೂ ಅದೇ, ಶಾಲೆಗೂ ಅದೇ. ಆ ಚೀಲದ ಬಾಯಿಗೆ ಹಾಕಿದ ಹೊಲಿಗೆ ಇದೆಯಲ್ಲ, ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿ ಬರುತ್ತದೆ. ತಪ್ಪು ತುದಿ ಹಿಡಿದರೆ ಗಂಟಾಗುತ್ತದೆ. ಅಬ್ಬಿ ಆ ನೂಲನ್ನು ಒಂದು ಕಡ್ಡಿಗೆ ಸುತ್ತಿ ಇಡುತ್ತಿದ್ದಳು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಅಕ್ಕನದು ನನ್ನದು ಎಲ್ಲ ನೋಟ್‌ಬುಕ್ಕಿನ ಖಾಲಿ ಹಾಳೆ ಬಿಡಿಸಿ, ದಬ್ಬಣದಲ್ಲಿ ಅದೇ ನೂಲು ಹಾಕಿ ಹೊಲಿದು, ಮುಂದಿನ ವರ್ಷದ ರಫ್ ಬುಕ್ ಮಾಡುತ್ತಿದ್ದಳು. ಅಕ್ಷರ ಬಾರದವಳು, ಗೆರೆ ಎಳೆದ ಹಾಳೆ ಬೇರೆ, ಗೆರೆ ಇಲ್ಲದ್ದು ಬೇರೆ ಮಾಡಿ ಹೊಲಿಯುತ್ತಿದ್ದಳು. ನಾನು ಬಿಎ ಮುಗಿಸಿದ್ದರಲ್ಲಿ ಆ ಯೂರಿಯಾ ನೂಲಿನದ್ದೂ ಒಂದು ಪಾಲಿದೆ.

ಸೀರೆಯದು ಇನ್ನೂ ದೊಡ್ಡ ಲೆಕ್ಕ. ಹತ್ತಿ ಸೀರೆ ಉಟ್ಟು ಉಟ್ಟು ಮೆತ್ತಗಾದ ಮೇಲೆ ಮೊದಲು ಮಗುವಿನ ತೊಟ್ಟಿಲಿಗೆ, ಬಾಣಂತಿಗೆ. ಆಮೇಲೆ ಹೆಂಗಸರ ತಿಂಗಳ ಬಟ್ಟೆಗೆ. ಗಟ್ಟಿ ಉಳಿದ ಭಾಗವನ್ನು ನಾಲ್ಕು ಪದರ ಮಡಚಿ ಹೊಲಿದರೆ ಹೊದಿಕೆ. ಉತ್ತರ ಕರ್ನಾಟಕದಲ್ಲಿ ಕೌದಿ ಅಂತಾರಲ್ಲ, ಹಾಗೇ, ಆದರೆ ನಮ್ಮದರಲ್ಲಿ ಚಂದ ಮಾಡುವಷ್ಟು ಬಣ್ಣ ಇರುತ್ತಿರಲಿಲ್ಲ. ಕೊನೆಗೆ ಮಸಿಬಟ್ಟೆ. ಗಂಗೊಳ್ಳಿ ಕಡೆಯಿಂದ ಹಳೆ ಬಲೆ ತಂದು ತರಕಾರಿಗೆ ಕೋಳಿ ನುಗ್ಗದ ಹಾಗೆ ಸುತ್ತ ಕಟ್ಟುವುದು, ಮುರಿದ ಕೊಡೆಯ ಕಡ್ಡಿಯನ್ನು ಬಗ್ಗಿಸಿ ಏಡಿ ಹಿಡಿಯುವ ಕೊಕ್ಕೆ ಮಾಡುವುದು, ಇವೆಲ್ಲ ಅಪ್ಪಯ್ಯನ ಖಾತೆ.

ಮತ್ತೆ ಗೆರಟೆ. ಘಟ್ಟದ ಮೇಲಿನ ಗೆಳೆಯರು ಚಿಪ್ಪು, ಕರಟ ಅನ್ನುವುದು ಇದಕ್ಕೇ. ಬಿದಿರಿನ ಹಿಡಿ ಹಾಕಿದರೆ ಸೌಟು. ಸುಟ್ಟರೆ ಇಸ್ತ್ರಿಪೆಟ್ಟಿಗೆಗೆ ಕೆಂಡ. ಇದೇ ಗೆರಟೆ ಒಡೇರ ಮನೆಯ ಅಂಗಳದಲ್ಲಿ ನಮ್ಮ ಚಾದ ಲೋಟ ಆಗಿತ್ತು. ಇದು ನೂರು ವರ್ಷದ ಹಿಂದಿನ ಕತೆ ಅಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಣ್ಣಾರೆ ಕಂಡದ್ದು. ಅಬ್ಬಿ ಗದ್ದೆ ಕೆಲಸ ಮುಗಿಸಿ ಅಂಗಳದ ಬದಿಗೆ ಬರುತ್ತಿದ್ದಳು. ಬೇಲಿಯ ಸಂದಿಯಲ್ಲಿ ಸಿಕ್ಕಿಸಿಟ್ಟ ತನ್ನ ಗೆರಟೆಯನ್ನು ತಾನೇ ತೆಗೆದು ಹಿಡಿಯುತ್ತಿದ್ದಳು. ಮೇಲಿನಿಂದ ಚಾ ಹೊಯ್ಯುತ್ತಿದ್ದರು. ಕುಡಿದು ತೊಳೆದು ಮತ್ತೆ ಬೇಲಿಗೆ ಸಿಕ್ಕಿಸಬೇಕು, ನಾಳೆಗೆ ಬೇಕಲ್ಲ. ಹೋಟೆಲಿನಲ್ಲಿ ನಮಗೆ ಲೋಟ ಮುಟ್ಟಲು ಬಿಡದಿದ್ದರೆ ಅಪರಾಧ ಅಂತ 1955ರಲ್ಲೇ ಕಾಯ್ದೆ ಬಂದಿತ್ತು. ಒಡೇರ ಮನೆ ಬೇಲಿಯ ಗೆರಟೆಯನ್ನು ಕೇಳುವವರು ಯಾರು?

ಈಗ ಅದೇ ಗೆರಟೆಯನ್ನು ಪಾಲಿಶ್ ಮಾಡಿ ಆನ್‌ಲೈನ್‌ನಲ್ಲಿ ನೂರಾರು ರೂಪಾಯಿಗೆ ಮಾರುತ್ತಾರೆ. ಮಾರಲಿ, ಪ್ಲಾಸ್ಟಿಕ್‌ಗಿಂತ ಒಳ್ಳೆಯದೇ. ಎರಡು ವರ್ಷದ ಹಿಂದೆ ನನ್ನ ಮಗಳು ಶಾಲೆಯ 'ಕಸದಿಂದ ರಸ' ಸ್ಪರ್ಧೆಗೆ ಗೆರಟೆಯಲ್ಲಿ ಒಂದು ಕಪ್ ಮಾಡಿ ಎರಡನೇ ಬಹುಮಾನ ತಂದಳು. ಖುಷಿಯಿಂದ ಅಬ್ಬಿಯ ಕೈಗೆ ಕೊಟ್ಟಳು. ನನಗೆ ಎದೆ ಡವಡವ. ಅಬ್ಬಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ ಕಣ್ಣಿಪ್ಪು ಬದಿ ಮಗಾ, ಚಾ ಸೋರತ್ತ್. ಕಣ್ಣಿಲ್ದಿದ್ ಬದಿ ತಕಣ್ಕ್" ಅಂದಳು. ಅಷ್ಟೇ. ಮಗಳಿಗೆ ಉಳಿದದ್ದನ್ನು ನಾನು ಇನ್ನೂ ಹೇಳಿಲ್ಲ.

ಅಬ್ಬಿ ಆ ಅಂಗಳ ಬಿಟ್ಟದ್ದು ಗೆರಟೆಯ ಕಾರಣಕ್ಕಲ್ಲ, ಸೀರೆಯ ಕಾರಣಕ್ಕೆ. ನಾನು ಆರನೇ ಕ್ಲಾಸಿನಲ್ಲಿದ್ದೆ. ಪ್ರತಿ ವರ್ಷ ದೀಪಾವಳಿಗೆ ಒಡ್ತಿ ಒಂದು ಹಳೆ ಸೀರೆ ಕೊಡುತ್ತಿದ್ದರು. ಆ ಸೀರೆ ಕೊಡ್ತೇವಲ್ಲ ಅಂತ ಕೂಲಿ ಏರಿಸುತ್ತಿರಲಿಲ್ಲ. ಕರೆದ ದಿನ ಬೇರೆ ಕಡೆ ಹೋಗುವ ಹಾಗೂ ಇರಲಿಲ್ಲ. ಆ ವರ್ಷ ಕೊಟ್ಟ ಸೀರೆಯ ಸೆರಗಿನಲ್ಲಿ ಎರಡು ಗೇಣು ಇಲಿ ಕಡಿದ ತೂತು. ಅಬ್ಬಿ ಅದನ್ನು ಮಡಚಿ ಜಗಲಿಯ ಮೆಟ್ಟಿಲ ಮೇಲೆ ಇಟ್ಟು, "ಒಡ್ತೀ, ಇದ್ ಬ್ಯಾಡ. ಕೂಲಿ ಎರಡ್ ರೂಪಾಯಿ ಜಾಸ್ತಿ ಮಾಡಿ ಕೊಡಿ, ಸೀರಿ ನಾನೇ ತಕಂತೆ" ಅಂದಳು. ಆಮೇಲೆ ಆ ಮನೆಯಿಂದ ಕರೆ ಬರಲಿಲ್ಲ. ಆ ತಿಂಗಳು ನಾವು ರಾತ್ರಿ ಗಂಜಿತೆಳಿ ಕುಡಿದು ಮಲಗಿದ್ದು ನೆನಪಿದೆ. ಅಜ್ಜಿ ಅಬ್ಬಿಗೆ ಬೈದ ಮಾತುಗಳೂ ನೆನಪಿವೆ. ಮೊನ್ನೆ ಅಕ್ಕ ನನಗೆ ಬೈದಳಲ್ಲ, ಹೆಚ್ಚುಕಡಿಮೆ ಅದೇ ಧಾಟಿ.

ಆಮೇಲೆ ಅಬ್ಬಿ ಹಂಚಿನ ಕಾರ್ಖಾನೆಗೆ ಸೇರಿದಳು. ಅಲ್ಲಿ ಚಾಕ್ಕೆ ಲೋಟ ಅವರವರೇ ಒಯ್ಯಬೇಕಿತ್ತು, ಎಲ್ಲ ಜಾತಿಯವರೂ. ಮೊದಲ ವಾರದ ಬಟವಾಡೆಯಲ್ಲಿ ಕುಂದಾಪುರ ಪೇಟೆಯಿಂದ ಒಂದು ಸ್ಟೀಲ್ ಲೋಟ ತಂದಳು. ಅದು ಈಗಲೂ ಇದೆ. ಬಾಯಿ ಸ್ವಲ್ಪ ಸೊಟ್ಟ ಆಗಿದೆ, ಕುಚ್ಚಲಕ್ಕಿ ಅಳೆಯಲು ಇಟ್ಟಿದ್ದೇವೆ. ನಮ್ಮ ಮನೆಯ ಊಟಕ್ಕೆ ಆ ಲೋಟದಲ್ಲಿ ಎರಡೂವರೆ.

1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಕೆರೆಯ ನೀರಿನ ಮಾತು ಮಾತ್ರ ಆಡಿದ್ದಲ್ಲ. ಸತ್ತ ದನದ ಮಾಂಸ ಬಿಡಿ, ಎಸೆದ ಎಂಜಲು ತಿನ್ನುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿ ಅಂತಲೂ ಹೇಳಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲೇ ಹೆಣ್ಣುಮಕ್ಕಳಿಗೆ ಸೀರೆ ಉಡುವ ಕ್ರಮ ಬದಲಿಸಿ ಅಂದರು, ಯಾಕೆಂದರೆ ಉಡುವ ರೀತಿಯಲ್ಲೇ ಜಾತಿ ಗುರುತು ಹಿಡಿಯುತ್ತಿದ್ದರು. ಕಾಲೇಜಿನಲ್ಲಿ ಇದನ್ನು ಓದಿದಾಗ ನನಗೆ ಅಬ್ಬಿಯ ಆ ಮೆಟ್ಟಿಲೇ ಕಣ್ಣಮುಂದೆ ಬಂತು. ನಮ್ಮ ಜಿಲ್ಲೆಯಲ್ಲೇ ಕೊರಗ ಬಂಧುಗಳ ಮೇಲೆ ಹೊರಿಸಿದ್ದ ಅಜಲು ನೋಡಿ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ತಮ್ಮ ರೋಗ, ಅನಿಷ್ಟ ಹೋಯ್ತು ಅಂದುಕೊಳ್ಳುವ ಪದ್ಧತಿ. ಅದನ್ನು ನಿಷೇಧಿಸಲು ಕರ್ನಾಟಕದಲ್ಲಿ ಕಾಯ್ದೆ ಬಂದದ್ದು 2000ದಲ್ಲಿ. ತಮಗೆ ಬೇಡದ್ದನ್ನು ಇಳಿಸಲು ಒಂದು ಜಾತಿ ಇದೆ ಎಂಬ ಲೆಕ್ಕಾಚಾರ ಅದು. ಗುಂಡಿ ಇಲ್ಲದ ಅಂಗಿಯ ಚೀಲ ಅಜಲು ಅಲ್ಲ, ಒಪ್ಪುತ್ತೇನೆ. ಆದರೆ ಚೀಲ ಹಿಡಿದ ಕೈ ಯಾವ ಮೇಜಿನ ಕಡೆ ಬರುತ್ತದೆ ಎಂಬುದರಲ್ಲಿ ಆ ಲೆಕ್ಕಾಚಾರದ ವಾಸನೆ ಇದ್ದೇ ಇದೆ.

ಅಕ್ಕನ ಕೊಡೆ ಪ್ರಶ್ನೆ ಮಾತ್ರ ಹಾಗೇ ಉಳೀತು. ಎರಡು ದಿನ ಬಿಟ್ಟು ಅವಳೇ ನೆನಪಿಸಿದಳು: "ಬಪ್ಪು ಆಯ್ತಾರ ಭವನದಲ್ಲಿ ಹಾಕ್ತ್ರಲ್ಲ, ಅಲ್ಲ್ ಕೊಡೆ ಬಂದ್ರೆ ಒಂದ್ ನಂಗೆ ತೆಗ್ದಿಡ್."

ಹೊಸ ಗೆಳೆಯರಿಗಾಗಿ ವಿವರಿಸುತ್ತೇನೆ. ಮೇ ಕೊನೆಯ ಭಾನುವಾರ ನಮ್ಮ ಕಾಲನಿಯ ಅಂಬೇಡ್ಕರ್ ಭವನದಲ್ಲಿ ನಾಲ್ಕು ಬೆಂಚು ಹಾಕುತ್ತೇವೆ. ಬ್ಯಾಗು, ಕೊಡೆ, ರೇನ್‌ಕೋಟು, ಯೂನಿಫಾರಂ, ಗೈಡು, ಜಾಮಿಟ್ರಿ ಬಾಕ್ಸು, ಯಾರಿಗೆ ಚಿಕ್ಕದಾಯ್ತೋ, ಹೆಚ್ಚಾಯ್ತೋ ಅವರು ತಂದಿಡುವುದು, ಬೇಕಾದವರು ಒಯ್ಯುವುದು. ಮೊದಲ ವರ್ಷ ಪೂರಾ ಫೇಲ್. ಇಡಲಿಕ್ಕೆ ಎಲ್ಲರೂ ಬಂದರು. ಎಲ್ಲರ ಎದುರು ಎತ್ತಿಕೊಳ್ಳಲಿಕ್ಕೆ ಒಬ್ಬರೂ ಇಲ್ಲ. ಸಂಜೆ ನಾನೇ ಎಲ್ಲ ಗಂಟು ಕಟ್ಟಿ ಮನೆಯ ಅಟ್ಟಕ್ಕೆ ಹಾಕಿದೆ. ಹೆಂಡತಿಯ ಬೈಗುಳ ಬೇರೆ.

ಮರುವರ್ಷ ಹುಡುಗಿಯರು ಸೇರಿ ಒಂದು ನಿಯಮ ಮಾಡಿದರು. ಒಳಗೆ ಬಂದವರು ಯಾರೇ ಆಗಲಿ, ಒಂದು ವಸ್ತು ತಗೊಂಡೇ ಹೋಗಬೇಕು. ಸರ್ಕಾರಿ ಕೆಲಸದವರಿಗೂ, ಗಲ್ಫ್‌ನಿಂದ ರಜೆಗೆ ಬಂದವರಿಗೂ ಬಿಡುಗಡೆ ಇಲ್ಲ. ತರುವ ವಸ್ತು ಒಗೆದಿರಬೇಕು, ಗುಂಡಿ ಹಾಕಿರಬೇಕು, ಜಿಪ್ ಸರಿ ಇರಬೇಕು. ಹೊಲಿಗೆ ಗೊತ್ತಿಲ್ಲದವರಿಗೆ ಅಲ್ಲೇ ಒಂದು ಮಿಷನ್ ಇರುತ್ತದೆ. ತೀರಾ ಹರಿದದ್ದು ಬಂದರೆ ಅಬ್ಬಿ ಮತ್ತವಳ ಪ್ರಾಯದವರು ಕೂತು ಕತ್ತರಿಸಿ ಕೈಚೀಲವೋ ಕಾಲೊರಸೋ ಮಾಡುತ್ತಾರೆ. ಕೊಡೆಯದು ಬಟ್ಟೆ ಹೋದರೆ ಕಡ್ಡಿ, ಕಡ್ಡಿ ಹೋದರೆ ಬಟ್ಟೆ ತೆಗೆದು, ಮೂರು ಕೊಡೆಯಲ್ಲಿ ಎರಡು ಮಾಡುವ ಹುಡುಗ ಒಬ್ಬ ಇದ್ದಾನೆ. ಹೋದ ವರ್ಷ ನಾನು ಎತ್ತಿಕೊಂಡ ನೀಲಿ ಅಂಗಿ ಬೈಂದೂರಿನಿಂದ ಬಂದ ಗೆಳೆಯನದು. ಕಚೇರಿಗೆ ಅದನ್ನೇ ಹಾಕಿ ಹೋಗುತ್ತೇನೆ. ಚೀಲ ತಂದ ಆ ಸಹೋದ್ಯೋಗಿಯೇ ಒಂದು ದಿನ "ಹೊಸ ಶರ್ಟಾ?" ಅಂತ ಕೇಳಿದ್ದರು.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಅವರ ಹತ್ತಿರ ಹೋಗಿ ಕೂತೆ. ಶರ್ಟಿನ ಕತೆ ಹೇಳಿದೆ. ಭವನದ ನಿಯಮ ಹೇಳಿದೆ. "ಸರ್, ಭಾನುವಾರ ಬನ್ನಿ. ಆ ಕೊಡೆಗಳನ್ನು ತನ್ನಿ, ಅಂಗಿಗೆ ಗುಂಡಿ ಹಾಕಿಸಿ ತನ್ನಿ. ಒಂದೇ ಕಂಡೀಷನ್, ಬೆಂಚಿನಿಂದ ನೀವೂ ಒಂದು ವಸ್ತು ಮನೆಗೆ ಒಯ್ಯಬೇಕು. ನಮ್ಮ ಮಕ್ಕಳ ಬ್ಯಾಗೋ, ಅಬ್ಬಿಯವರು ಹೊಲಿದ ಕಾಲೊರಸೋ, ಯಾವುದಾದ್ರೂ ಆಗ್ತದೆ" ಅಂದೆ.

ಅವರು ಸ್ವಲ್ಪ ಹೊತ್ತು ಬುತ್ತಿಯ ಮುಚ್ಚಳ ನೋಡುತ್ತಾ ಕೂತರು. "ಮನೆಯಲ್ಲಿ ಕೇಳಿ ಹೇಳ್ತೇನೆ" ಅಂದರು. ಇವತ್ತು ಸಂಜೆ ನೋಡಿದಾಗ ಚೀಲ ಇನ್ನೂ ಅವರ ಕುರ್ಚಿಯ ಹಿಂದೆ ಇತ್ತು.