ಅಷ್ಟೂರಿನ ಬಣ್ಣದ ಗುಮ್ಮಟ

ಬೀದರಿನ ಕೋಟೆಯನ್ನು ನೋಡಿದವರು ಬಹುಮಂದಿ. ಆದರೆ ಊರಿನ ಮೂಡಲಿಗಿರುವ ಅಷ್ಟೂರಿಗೆ ಹೋಗಿ, ಬಹಮನಿ ಸುಲ್ತಾನರ ಸಮಾಧಿಗಳಲ್ಲೊಂದರ ಒಳಹೊಕ್ಕು, ತಲೆಯೆತ್ತಿ ನೋಡಿ ಬಂದವರು ವಿರಳ. ನಮಗೂ ಆ ಭಾಗ್ಯವು ತಡವಾಗಿಯೇ ಒದಗಿತು. ಅದೂ ಕಮಠಾಣದಲ್ಲಿರುವ ನಮ್ಮ ಸೋದರತ್ತೆಯವರ ಹಟದಿಂದ.

ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಎರಡು ಕಣ್ಣುಗಳಿಗೂ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದ್ದರೂ ಎರಡು ಸಲ ಭಯದಿಂದ ಮುಂದಕ್ಕೆ ಹಾಕಿದ್ದರು. ನಾವು ಸಂಸಾರಸಮೇತರಾಗಿ ಅವರಲ್ಲಿಗೆ ಹೋದಾಗ, ಊಟಕ್ಕೆ ಕುಳಿತಲ್ಲಿಯೇ ಹೇಳಿದರು: “ಕಣ್ಣ್ ಕೊಯ್ಸಿದ್ಮ್ಯಾಲೆ ಬರ್ತದೋ ಹೋಗ್ತದೋ ಯಾರಿಗ್ ಗೊತ್ತ್ರೋ ಯಪ್ಪಾ. ಅದಕಿಂತ ಮೊದ್ಲ ಅಷ್ಟೂರ ಗುಮ್ಮಟ ಒಳಗಿಂದ ಒಮ್ಮಿ ತೋರಸ್ರಿ.” ಬಾಲ್ಯದಲ್ಲಿ ತಾಯಿಯೊಡನೆ ನಡೆದು ಅಲ್ಲಿಯ ಜಾತ್ರೆಗೆ ಹೋಗುತ್ತಿದ್ದರಂತೆ. ಜನಸಂದಣಿಯಲ್ಲಿ ಹೊಸ್ತಿಲವರೆಗೆ ಮಾತ್ರವೇ ಪ್ರವೇಶ ದೊರೆಯುತ್ತಿತ್ತು. ಒಳಗೆ ಹೋಗಿ ಬಂದ ತಾಯಿ ಮಾತ್ರ, “ಮ್ಯಾಲೆ ಹೂವಿನ ಆಕಾಶ ಅದ” ಎಂದು ಹೇಳಿದ್ದರಂತೆ. ಆ ಒಂದು ಮಾತನ್ನು ಅತ್ತೆಯವರು ಅರವತ್ತು ವರುಷ ಕಾಪಾಡಿಕೊಂಡು ಬಂದಿದ್ದರು.

ಮರುದಿನ ಜೋಳದ ರೊಟ್ಟಿ, ಸೇಂಗಾ ಹಿಂಡಿಗಳ ಬುತ್ತಿಯನ್ನು ಕಟ್ಟಿಸಿಕೊಂಡು ಹೊರಟೆವು. ಕಮಠಾಣದ ಪಾರ್ಶ್ವನಾಥ ಬಸದಿಗೆ ಕೈಮುಗಿದು ಮುಂದೆ ಸಾಗಿದರೆ ಇಬ್ಬದಿಗೂ ಕೆಂಪು ಮಣ್ಣು, ಕೆಂಪು ಕಲ್ಲು. ಬೀದರನ್ನು ದಾಟಿ ಅಷ್ಟೂರಿನ ದಾರಿ ಹಿಡಿದಾಗ ಎತ್ತರದಲ್ಲಿ ಕಾಣುವುದು ಹಜರತ್ ಖಲೀಲುಲ್ಲಾ ಅವರ ಚೌಖಂಡಿ. ಅದರ ಬಾಗಿಲ ಸುತ್ತಲಿನ ಕರಿಯ ಕಲ್ಲಿನ ಮೇಲಿನ ಬರವಣಿಗೆಯನ್ನು ಕಂಡರೆ ಕಲ್ಲು ಮೇಣವಾಗಿತ್ತೋ ಎಂದು ಭ್ರಮೆಯಾಗುತ್ತದೆ. ಆದರೆ ಅತ್ತೆಯವರ ಅವಸರದಲ್ಲಿ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅಷ್ಟೂರಿನಲ್ಲಿ ಸಮಾಧಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಹುಮಾಯೂನನದು ಸಿಡಿಲಿಗೆ ಸೀಳಿ ಅರ್ಧ ಗುಮ್ಮಟವು ಉರುಳಿದೆ. 1458ರಿಂದ 1461ರವರೆಗೆ ಆಳಿದ ಈ ಅರಸನಿಗೆ ‘ಜಾಲಿಮ್’, ಎಂದರೆ ಕ್ರೂರಿ, ಎಂಬ ಹೆಸರು ಅಂಟಿತು. ಸಿಡಿಲಿಗೆ ಚರಿತ್ರೆಯ ಜ್ಞಾನವಿತ್ತೆಂದು ಊರವರು ನಗುತ್ತಾರೆ.

ನಾವು ಬಂದದ್ದು ಅಹಮದ್ ಶಾಹ ವಲಿಯ ಸಮಾಧಿಗೆ. 1422ರಿಂದ 1436ರವರೆಗೆ ರಾಜ್ಯವಾಳಿದ ಈತನೇ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. ಕ್ಷಾಮಕಾಲದಲ್ಲಿ ಅರಸನೇ ಪ್ರಾರ್ಥಿಸಲು ಮಳೆ ಬಂದಿತೆಂದೂ, ಅಂದಿನಿಂದ ಜನರು ಅವನನ್ನು ‘ವಲಿ’, ಎಂದರೆ ಸಂತ, ಎಂದು ಕರೆದರೆಂದೂ ಐತಿಹ್ಯ. ಇರಾನದ ಕಿರ್ಮಾನ್ ಪ್ರಾಂತದ ಸೂಫಿ ಗುರು ಶಾಹ ನಿಮತುಲ್ಲಾ ಅವರಲ್ಲಿ ಅವನಿಗೆ ಅಪಾರ ಭಕ್ತಿ. ಗುರುಗಳು ಬರಲಿಲ್ಲ, ಮೊಮ್ಮಗನನ್ನು ಕಳುಹಿಸಿದರು. 1431ರಲ್ಲಿ ಅವರು ಕಾಲವಾದ ಮೇಲೆ ಮಗನಾದ ಖಲೀಲುಲ್ಲಾ ಅವರು ಬೀದರಿಗೆ ಬಂದು ನೆಲೆಸಿದರು. ಚೌಖಂಡಿ ಅವರದೇ.

ಹೊರಗಿನಿಂದ ನೋಡಿದರೆ ಈ ಕಟ್ಟಡವು ಬಹು ಸಾದಾ. ದೂರದ ರುಮಾನಿಯ ದೇಶದ ವೊರೊನೆಟ್ಸ್ ಎಂಬಲ್ಲಿ, 1488ರಲ್ಲಿ ಕಟ್ಟಿದ ಕ್ರೈಸ್ತ ಸನ್ಯಾಸಿಗಳ ಮಠವೊಂದುಂಟು. ಅದರ ಹೊರಗೋಡೆಗಳನ್ನೇ 1547ರಲ್ಲಿ ಚಿತ್ರಗಳಿಂದ ತುಂಬಿದರು. ಹೊಲದಲ್ಲಿ ನಿಂತವನಿಗೂ ಅಲ್ಲಿ ನೀಲಿ ಬಣ್ಣದ ಸ್ವರ್ಗನರಕಗಳು ಕಾಣುತ್ತವೆ. ಅಷ್ಟೂರಿನದು ಇದಕ್ಕೆ ವಿಲೋಮ ರೀತಿ. ಇಲ್ಲಿ ಸಂಪತ್ತೆಲ್ಲ ಕತ್ತಲೆಯೊಳಗಿದೆ.

ಪಾದರಕ್ಷೆಗಳನ್ನು ಬಿಟ್ಟು ಒಳಗೆ ಕಾಲಿಟ್ಟಾಗ ನಮಗೆ ಮೊದಲು ತಂಪಲ್ಲದೆ ಮತ್ತೇನೂ ಅರಿವಾಗಲಿಲ್ಲ. ಕಣ್ಣು ಒಗ್ಗಿದಂತೆ ಕುಂಕುಮದ ಕೆಂಪು, ನೀಲಿ, ಅಲ್ಲಲ್ಲಿ ಚಿನ್ನದ ಗೀರುಗಳು ತೋರಿಬಂದುವು. ಅತ್ತೆಯವರಿಗಾದರೋ ಏನೂ ಕಾಣಲಿಲ್ಲ. ಅವರು ಕೈಚಾಚಿ ಗೋಡೆಯನ್ನು ಮುಟ್ಟಹೋದರು.

“ಅವ್ವಾ, ಮುಟ್ಟಬ್ಯಾಡ್ರಿ!” ಎಂದನು ಕಾವಲಿನ ಮುದುಕ.

ಅತ್ತೆಯವರ ಮುಖ ಕಂದಿತು. “ನಮ್ಮವ್ವ ಮುಟ್ಟಿ ಕಣ್ಣಿಗೊತ್ತಿಕೊಂಡಾಳ. ನಂಗ್ಯಾಕ ಬ್ಯಾಡ?” ಎಂದು ಕೇಳಿದರು. ಅವನೂ ಬಿಡಲಿಲ್ಲ, ಕೈಗೆಟಕುವ ಎತ್ತರದಲ್ಲಿ ಬಣ್ಣವು ಮಾಸಿ ಸುಣ್ಣ ಕಾಣುತ್ತಿದ್ದುದನ್ನು ನಮಗೆ ತೋರಿಸಿ, “ಎಲ್ಲಾರ್ ಅವ್ವಂದಿರೂ ಮುಟ್ಟ್ಯಾರ್ರೀ” ಎಂದನು. ನಾವು ನಡುವೆ ಮೂಕರಾಗಿ ನಿಂತೆವು. ಇಬ್ಬರ ಮಾತೂ ನಿಜವೇ. ಇದು ಕೇವಲ ಚಿತ್ರಶಾಲೆಯಾಗಿದ್ದರೆ ಬೀಗ ಹಾಕಿ ಬಣ್ಣವನ್ನು ಕಾಯಬಹುದಾಗಿತ್ತು. ಆದರೆ ಇಲ್ಲಿ ಮಲಗಿರುವವನನ್ನು ಮುಸಲ್ಮಾನರು ವಲಿಯೆಂದು ನಂಬಿದರೆ, ಲಿಂಗಾಯತರು ಅಲ್ಲಮಪ್ರಭುವೆಂದೇ ನಡೆದುಕೊಳ್ಳುತ್ತಾರೆ. ಹೋಳಿಯ ನಂತರ, ಹಿಂದೂ ಪಂಚಾಂಗದ ತಿಥಿಯಂತೆ ನಡೆಯುವ ಉರುಸಿಗೆ ಮಾಡ್ಯಾಳದ ಜಂಗಮರು ಪರಿವಾರದೊಡನೆ ನಡೆದು ಬರುತ್ತಾರೆ. ಶಂಖವನ್ನೂದಿ, ಕಾಯಿ ಒಡೆದು ಸೇವೆ ಸಲ್ಲಿಸುತ್ತಾರೆ. ಧೂಪವೂ ದೀಪವೂ ಭಕ್ತರ ಕೈಗಳೂ ಇಲ್ಲದ ಅಷ್ಟೂರನ್ನು ಅತ್ತೆಯವರು ಒಪ್ಪಿಯಾರೆ? ಆ ಕೈಗಳೇ ಮುಂದಿನವರಿಗೆ ಬಣ್ಣವನ್ನು ಉಳಿಸುವುವೆ?

ಮುದುಕನು ಏನೂ ಆಡದೆ ಹೊರಗೆ ಹೋದನು. ಮುನಿದು ಹೋದನೆಂದೇ ನಾವು ತಿಳಿದೆವು. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಒಂದು ಕನ್ನಡಿಯನ್ನು ಹಿಡಿದು ನಿಂತನು. ಬಿಸಿಲಿನ ಒಂದು ತುಂಡು ಗೋಡೆಯನ್ನು ಹತ್ತಿ ಗುಮ್ಮಟದ ನೆತ್ತಿಗೆ ಹೋಯಿತು. ಅಲ್ಲಿಗೆ ಯಾರ ಕೈಯೂ ಮುಟ್ಟಿರಲಿಲ್ಲ! ಆರುನೂರು ವರುಷಗಳ ಹಿಂದಿನ ಕೆಂಪು ನಿನ್ನೆ ಬಳಿದಂತಿತ್ತು. ಬಳ್ಳಿಯೊಳಗೆ ಬಳ್ಳಿ, ಹೂವಿನೊಳಗೆ ಹೂ, ಅವುಗಳ ನಡುವೆ ವರ್ತುಲವಾಗಿ ಹರಿಯುವ ಚಿನ್ನದ ಅಕ್ಷರಗಳು. ಈ ಕೆಲಸವನ್ನು ಮಾಡಿದವನು ಇರಾನದ ಕಜ್ವೀನಿನ ಶುಕ್ರುಲ್ಲಾ ಎಂಬ ಚಿತ್ರಕಾರ. ನಿಮತುಲ್ಲಾ ಅವರ ಗುರುಪರಂಪರೆಯೂ ಅಕ್ಷರರೂಪದಲ್ಲಿ ಅಲ್ಲಿಯೇ ಇದೆ.

ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಪೊರೆಗಣ್ಣಿಗೆ ಎಷ್ಟು ಕಂಡಿತೋ ನಾವು ಕೇಳಲಿಲ್ಲ. “ಕೆಂಪು ಕಾಣ್ತದ,” ಎಂದರು ಕೊನೆಗೆ. ಬಳಿಕ, “ಚಾಚಾ, ಇನ್ನೊಮ್ಮಿ ಆ ಕಡಿ ತಿರಗಸ್ರಿ.” ಅವನು ತಿರುಗಿಸಿದನು. ಬೆಳಕು ಮೆಲ್ಲನೆ ಸುತ್ತಿತು; ಅದರೊಡನೆ ಅವರ ಮುಖವೂ ಸುತ್ತಿತು.

ಹೊರಗೆ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಮೊದಲ ರೊಟ್ಟಿ ಮುದುಕನಿಗೆ ಹೋಯಿತು. ಅವನು ಹಿಂಡಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡನು. ಅತ್ತೆಯವರು ಕೈತೊಳೆಯುತ್ತ, ದವಾಖಾನೆಯವರು ಹೇಳಿದ್ದು ಯಾವ ವಾರ ಎಂದು ನಮ್ಮನ್ನು ಕೇಳಿದರು. ಗುರುವಾರವೆಂದೆವು.