ಸೊನ್ನೆ ಎಂದು ಸುಳ್ಳು ಹೇಳುವ ರಿಜಿಸ್ಟರ್

ಆರ್ಮ್ ಹೈಪರ್‌ವೈಸರ್ ಬರೆಯುವವರು ಜಿಐಸಿ ಎಂಬ ಇಂಟರಪ್ಟ್ ಕಂಟ್ರೋಲರಿನಲ್ಲಿ ಮೊದಲು ಮನಸೋಲುವುದು ಎನೇಬಲ್ ರಿಜಿಸ್ಟರುಗಳ ಜೋಡಿಗೆ. ಒಂದಕ್ಕೆ 1 ಬರೆದರೆ ಇಂಟರಪ್ಟ್ ತೆರೆಯುತ್ತದೆ, ಇನ್ನೊಂದಕ್ಕೆ 1 ಬರೆದರೆ ಮುಚ್ಚುತ್ತದೆ. 0 ಬರೆದರೆ ಎರಡರಲ್ಲೂ ಏನೂ ಆಗದು. ಹಳೆಯದನ್ನು ಓದಿ, ತಿದ್ದಿ, ಮತ್ತೆ ಬರೆಯುವ ಗೋಜೇ ಇಲ್ಲ. ಗೆಸ್ಟ್‌ನ (ಹೈಪರ್‌ವೈಸರಿನ ಮೇಲೆ ಓಡುವ ವ್ಯವಸ್ಥೆಯ) ಬರಹ ಟ್ರ್ಯಾಪ್ ಆಗಿ ಹೈಪರ್‌ವೈಸರಿನ ಕೈಗೆ ಬಂದಾಗ ಕೆಲವೇ ಸಾಲಿನ ಕೋಡ್ ಸಾಕು. ಎಷ್ಟು ಅಚ್ಚುಕಟ್ಟು!

ತಕರಾರು ಇರುವುದು ಆಕ್ಟಿವ್ ರಿಜಿಸ್ಟರನ್ನು, ಅಂದರೆ ಸ್ವೀಕರಿಸಿದ ಇಂಟರಪ್ಟ್ ಇನ್ನೂ ಮುಗಿದಿಲ್ಲವೇ ಎಂದು ಹೇಳುವ ರಿಜಿಸ್ಟರನ್ನು, ಓದುವಲ್ಲಿ.

ಗೆಸ್ಟ್‌ಗೆ ಕೊಡುವ ಇಂಟರಪ್ಟನ್ನು ಹೈಪರ್‌ವೈಸರ್ ಲಿಸ್ಟ್ ರಿಜಿಸ್ಟರಿನಲ್ಲಿ ಇಡುತ್ತದೆ. ಜಿಐಸಿ-400ರಲ್ಲಿ ಇವು ಕೋರಿಗೆ 4. ಜಿಐಸಿಯ ಮೂರನೆಯ ಆವೃತ್ತಿಯಲ್ಲಿ 16ರವರೆಗೂ ಇರಬಹುದು. ಗೆಸ್ಟ್ ಇಂಟರಪ್ಟನ್ನು ಸ್ವೀಕರಿಸಿದಾಗ, ಮುಗಿಸಿದಾಗ ಹಾರ್ಡ್‌ವೇರ್ ತಾನೇ ಅಲ್ಲಿನ ಸ್ಥಿತಿ ಬದಲಿಸುತ್ತದೆ, ಹೈಪರ್‌ವೈಸರನ್ನು ಎಬ್ಬಿಸುವುದೇ ಇಲ್ಲ. ವೇಗ ಬರುವುದು ಇದರಿಂದ. ಆದರೆ ಹೈಪರ್‌ವೈಸರಿನ ಮೆಮೊರಿಯಲ್ಲಿರುವ ಪ್ರತಿ ಅಷ್ಟರಲ್ಲಿ ಹಳತಾಗಿರುತ್ತದೆ. ಬೇರೆ ಕೋರಿನಲ್ಲಿ ಓಡುತ್ತಿರುವ ವಿಸಿಪಿಯು (ಗೆಸ್ಟ್‌ನ ವರ್ಚುವಲ್ ಪ್ರೊಸೆಸರ್) ಬಗ್ಗೆ ಮೆಮೊರಿ ನೋಡಿ ಉತ್ತರಿಸುವುದೆಂದರೆ, ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ತೂಕದ ಚೀಟಿ ಹಮಾಲರ ಕೈಯಲ್ಲೇ ಇರುವಾಗ ನಿನ್ನೆಯ ಖಾತೆ ನೋಡಿ ಇಂದಿನ ಲೆಕ್ಕ ಹೇಳಿದಂತೆ.

‘ಲಿನಕ್ಸ್ ಆಕ್ಟಿವ್ ರಿಜಿಸ್ಟರನ್ನು ಓದುವುದೇ ಇಲ್ಲ, ಸೊನ್ನೆ ಕೊಟ್ಟರಾಯಿತು’ ಎನ್ನುವ ವಾದವೊಂದಿದೆ. ಇದು ಕೆಟ್ಟ ವಾದ. ಗೆಸ್ಟ್ ನಂಬುವುದು ಆರ್ಮ್‌ನ ಕೈಪಿಡಿಯನ್ನು, ಹೈಪರ್‌ವೈಸರ್ ಬರೆದವರ ಊಹೆಯನ್ನಲ್ಲ. 2019ರಲ್ಲಿ ಲಿನಕ್ಸ್ 5.3 ಬಂದಾಗ ಊಹೆ ಮುರಿಯಿತು. ಇಂಟರಪ್ಟನ್ನು ಕಳಚುವ ಮುನ್ನ ಅದು ಇನ್ನೂ ಆಕ್ಟಿವ್ ಇದೆಯೇ ಎಂದು ಕರ್ನಲ್ ಹಾರ್ಡ್‌ವೇರನ್ನೇ ಕೇಳತೊಡಗಿತು. ಸೊನ್ನೆ ಎಂದರೆ ‘ಕೆಲಸ ಮುಗಿದಿದೆ, ಕಳಚು’ ಎಂದರ್ಥ. ಆ ಹೊತ್ತಿಗೆ ಇನ್ನೊಂದು ಕೋರಿನಲ್ಲಿ ಅದೇ ಇಂಟರಪ್ಟಿನ ಹ್ಯಾಂಡ್ಲರ್ ಓಡುತ್ತಲೇ ಇರಬಹುದು.

2020ರಲ್ಲಿ ಮಾರ್ಕ್ ಜಿಂಜಿಯರ್ ಲಿನಕ್ಸ್‌ನ ಹೈಪರ್‌ವೈಸರ್ ಕೆವಿಎಂಗೆ ತಂದ ಪರಿಹಾರ ಒರಟು, ಆದರೆ ಪ್ರಾಮಾಣಿಕ: ಓದುವ ಮುನ್ನ ಗೆಸ್ಟ್‌ನ ಎಲ್ಲ ವಿಸಿಪಿಯುಗಳನ್ನೂ ನಿಲ್ಲಿಸು, ಲಿಸ್ಟ್ ರಿಜಿಸ್ಟರುಗಳನ್ನು ಮೆಮೊರಿಗೆ ಇಳಿಸಿಕೋ, ಆಮೇಲೆ ಉತ್ತರಿಸು. ದುಬಾರಿ ಎಂದು ಮೂಗು ಮುರಿಯುವವರು ಈ ಓದು ಎಷ್ಟು ಅಪರೂಪ ಎಂಬುದನ್ನು ಗಮನಿಸಬೇಕು.

ಇದನ್ನು ಪರೀಕ್ಷಿಸಲು ಆರ್ಮ್ ಬೋರ್ಡ್ ಕೊಳ್ಳಬೇಕಿಲ್ಲ. ಕ್ಯೂಇಎಂಯು ತನ್ನ ‘ವರ್ಟ್’ ಯಂತ್ರದಲ್ಲಿ ಹೈಪರ್‌ವೈಸರ್ ಮಟ್ಟವನ್ನೂ ಅನುಕರಿಸುತ್ತದೆ; ಹಿರಿಯೂರಿನ ವಿದ್ಯಾರ್ಥಿಯೊಬ್ಬರ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ, ನಿಧಾನವಾಗಿಯಾದರೂ, ಓಡುತ್ತದೆ. ಎರಡು ವಿಸಿಪಿಯುಗಳ ಪುಟ್ಟ ಗೆಸ್ಟ್ ಬರೆಯಿರಿ. ಒಂದು ವಿಸಿಪಿಯು 42ನೇ ಇಂಟರಪ್ಟನ್ನು ಸ್ವೀಕರಿಸಿ, ಮುಗಿಸದೆ ಸುತ್ತುತ್ತಿರಲಿ. ಇನ್ನೊಂದು ಜಿಐಸಿಯ ಡಿಸ್ಟ್ರಿಬ್ಯೂಟರ್ ಭಾಗದ ಹೆಕ್ಸ್ 304ನೇ ವಿಳಾಸದಲ್ಲಿರುವ ಆಕ್ಟಿವ್ ರಿಜಿಸ್ಟರನ್ನು ಓದಲಿ. 10ನೇ ಬಿಟ್ 1 ಇರಲೇಬೇಕು. ಒಂದೇ ವಿಸಿಪಿಯುವಿನಲ್ಲಿ ಪರೀಕ್ಷಿಸಿ ಪ್ಯಾಚ್ ಕಳಿಸುವವರ ಮೇಲೆ ಸಿಟ್ಟು ಬರುವುದು ಇಲ್ಲೇ: ಅಲ್ಲಿ ಟ್ರ್ಯಾಪ್ ಆದೊಡನೆ ಅದರ ಲಿಸ್ಟ್ ರಿಜಿಸ್ಟರುಗಳೆಲ್ಲ ಮೆಮೊರಿಗೆ ಇಳಿಯುತ್ತವೆ, ಮೆಮೊರಿ ನೋಡಿ ಉತ್ತರಿಸುವ ಹಳೆಯ ತಪ್ಪು ಕೋಡ್ ಕೂಡ ಸರಿಯುತ್ತರ ಕೊಟ್ಟು ಪಾಸಾಗುತ್ತದೆ.