ಮಡಿಲ ಯಂತ್ರ, ಮನೆಯ ಮಾತು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಅನೇಕ ದೇವಾಂಗ ಮನೆಗಳಲ್ಲಿ ಆಡುವುದು ಕನ್ನಡ, ಮಕ್ಕಳು ಬರೆಯುವುದು ತಮಿಳು. ಅಂಥ ಮನೆಯ ಮಗುವೊಂದು ಕೃತಕ ಬುದ್ಧಿಮತ್ತೆಯ ವ್ಯಾಸಂಗಕ್ಕೆ ಲ್ಯಾಪ್‌ಟಾಪ್ ಬೇಡಿದಾಗ, ಮಗ್ಗದ ಸಂಪಾದನೆಯನ್ನು ಎಣಿಸುತ್ತ ಹೆತ್ತವರು ಸಲಹೆಗಾಗಿ ನಮ್ಮಲ್ಲಿಗೆ ಬರುವುದುಂಟು.

ನಾವು ಹೇಳುವುದಿಷ್ಟೆ: ಹೊಳಪನ್ನಲ್ಲ, ಸ್ಮರಣಶಕ್ತಿಯನ್ನು ನೋಡಿರಿ. 700 ಕೋಟಿ ಗುಣಾಂಕಗಳ ಭಾಷಾಮಾದರಿಯನ್ನು 4 ಬಿಟ್ಟಿಗೆ ಕುಗ್ಗಿಸಿದರೂ ಅದೊಂದೇ ಸುಮಾರು 4 ಜಿ.ಬಿ. ಬೇಡುತ್ತದೆ; ಆದುದರಿಂದ 16 ಜಿ.ಬಿ. ರ್‍ಯಾಮ್ ಇರಲಿ. ತೆಳುವಾದ ಯಂತ್ರಗಳು ಹಲವಲ್ಲಿ ಅದನ್ನು ಮುಂದೆ ಹೆಚ್ಚಿಸಲಾಗದು. ಬಸ್ಸಿನಲ್ಲಿ ಹೊರುವ ಮಗುವಿಗೆ ತೂಕ ಒಂದೂವರೆ ಕಿಲೊ ಸಾಕು. ಮಾದರಿಗಳನ್ನು ತರಬೇತುಗೊಳಿಸುವ ಭಾರ ಕಾಲೇಜಿನ ಗಣಕಗಳಿಗಿರಲಿ. ಅದಕ್ಕಾಗಿ ಸಾಲ ಸಲ್ಲದು.

ಮದರಾಸು ಐ.ಐ.ಟಿ.ಯ ‘ಎಐ4ಭಾರತ್’ 2023ರಲ್ಲಿ ಹೊರತಂದ ‘ಇಂಡಿಕ್‌ಟ್ರಾನ್ಸ್2’ ಕನ್ನಡ, ತಮಿಳು ಸೇರಿ 22 ಭಾರತೀಯ ಭಾಷೆಗಳಲ್ಲಿ ಅನುವಾದಿಸಬಲ್ಲುದು. ಅದರ ಕಿರಿಯ ರೂಪ ಇಂಥ ಯಂತ್ರದಲ್ಲಿಯೇ ನಡೆಯುತ್ತದೆ. ಆದರೆ ಅದು ಕಲಿತದ್ದು ಬರೆದಿಟ್ಟ ಕನ್ನಡವನ್ನು. ಬರೆಯದೆ ಉಳಿದ ನಮ್ಮ ಅಜ್ಜಿಯರ ಮಾತನ್ನು ಕಲಿಸುವವರಾರು? ಕೊಂಡ ಯಂತ್ರದಲ್ಲಿ ಮೊದಲು ಆ ದನಿಯನ್ನು ಮುದ್ರಿಸಿಡಿರೆಂದು ನಮ್ಮ ಬಿನ್ನಹ.